ಫ್ಯೂಸ್ ಕಾಯುವುದು ವಯರನ್ನು, ಜೀವವನ್ನಲ್ಲ

ಪಂಪ್‌ಶೆಡ್ಡಿನ ನೆಲ ಸದಾ ಹಸಿ. ಕಾಲಿಗೆ ಚಪ್ಪಲಿ ಇಲ್ಲ, ಕೈಯೂ ಒದ್ದೆ. "ಫ್ಯೂಸ್ ಉಂಟಲ್ಲ, ಶಾಕ್ ಹೊಡೆದರೆ ಅದು ಹೋಗ್ತದೆ" ಎಂಬ ಧೈರ್ಯ ನಮ್ಮಲ್ಲಿ ಹಲವರದು. ಆದರೆ ಹೋಗುವುದಿಲ್ಲ.

ಲೆಕ್ಕ ನೋಡಿ. 16 ಆಂಪಿಯರಿನ ಫ್ಯೂಸ್ ಅಥವಾ ಎಂಸಿಬಿ ಹೋಗಬೇಕಾದರೆ 16ಕ್ಕಿಂತ ಹೆಚ್ಚು ಆಂಪಿಯರ್ ಹರಿಯಬೇಕು. ಮನುಷ್ಯನ ಜೀವ ಹೋಗಲು ಅದರ ನೂರರಲ್ಲೊಂದು ಪಾಲೇ ಧಾರಾಳ.

ಇದಕ್ಕೆ ಬೇಕಾದದ್ದು ಆರ್‌ಸಿಸಿಬಿ. ಇಎಲ್‌ಸಿಬಿ ಎಂದು ಕೇಳಿದರೂ ಅಂಗಡಿಯವರಿಗೆ ಗೊತ್ತಾಗುತ್ತದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ಮರಳಿತೇ ಎಂದು ಇದು ಸದಾ ತಾಳೆ ನೋಡುತ್ತಿರುತ್ತದೆ. ಕಡಿಮೆ ಬಂತೆಂದರೆ ಎಲ್ಲೋ ಸೋರಿದೆ. ಮೋಟಾರಿನ ಮೈಯಿಂದಲೋ ನಮ್ಮ ಮೈಯಿಂದಲೋ! ಸೋರಿಕೆ 30 ಮಿಲಿಯಾಂಪಿಯರ್ ಮುಟ್ಟಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್. ಜೀವ ಉಳಿಸಲೆಂದೇ ಇಂಥ ಉಪಕರಣವನ್ನು 1961ರಲ್ಲಿ ರೂಪಿಸಿದವರು ಅಮೆರಿಕದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯೆಲ್.

ಕೊಳ್ಳುವಾಗ 30 ಮಿಲಿಯಾಂಪಿಯರಿನದೇ ಕೇಳಿ. 100, 300ರವು ಮೈಗೆ ತಗಲುವ ಶಾಕಿಗೆ ಸಾಲವು. ಸಿಂಗಲ್ ಫೇಸಿಗೆ ಎರಡು ಪೋಲಿನದು, ತ್ರೀ ಫೇಸಿಗೆ ನಾಲ್ಕು ಪೋಲಿನದು. ಓವರ್‌ಲೋಡ್ ಇದಕ್ಕೆ ತಿಳಿಯದು. ಹಾಗಾಗಿ ಎಂಸಿಬಿಯೂ ಜೊತೆಗಿರಲಿ.

ವಯರ್‌ಮನ್‌ಗೆ ಎರಡು ಮಾತು ಹೇಳಿ. ಆರ್‌ಸಿಸಿಬಿ ದಾಟಿದ ನ್ಯೂಟ್ರಲ್ಲನ್ನು ಅರ್ಥಿಗಾಗಲಿ, ಬೇರೆ ಲೈನಿನ ನ್ಯೂಟ್ರಲ್ಲಿಗಾಗಲಿ ಸೇರಿಸಬಾರದು; ಸೇರಿಸಿದರೆ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಎರಡನೆಯದು, ಪ್ಲಗ್ ಪಾಯಿಂಟಿಗೆ ಒಂದು, ಮೋಟಾರಿಗೆ ಇನ್ನೊಂದು ಇರಲಿ. ಆಗ ಯಾವುದು ಸೋರುತ್ತಿದೆಯೆಂದು ಹುಡುಕುವುದು ಸುಲಭ.

ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆದರೆ "ಇದರದ್ದೊಂದು ಉಪದ್ರ" ಎಂದು ಕಳಚಿ ನೇರ ವಯರ್ ಕೊಡುವವರಿದ್ದಾರೆ. ಅದು ನಾಯಿ ಬೊಗಳಿತೆಂದು ನಾಯಿಯನ್ನೇ ಓಡಿಸಿದಂತೆ. ಒಂದೊಂದೇ ಉಪಕರಣ ಕಳಚಿ ನೋಡಿ, ಸೋರುವ ಜಾಗ ಸಿಕ್ಕೇ ಸಿಗುತ್ತದೆ.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಟ್ರಿಪ್ ಆಗದಿದ್ದರೆ ಬದಲಿಸಿ. ಆದರೆ ಅರ್ಥಿಂಗ್ ಸರಿ ಇದೆಯೇ ಎಂದು ಈ ಬಟನ್ ಹೇಳುವುದಿಲ್ಲ. ಅದನ್ನು ಬೇರೆಯೇ ಪರೀಕ್ಷಿಸಬೇಕು.

ಇನ್ನೊಂದು ವಿಷಯ: ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಇದು ಉಳಿಸದೆ ಹೋಗಬಹುದು. ಹೋದ ಕರೆಂಟು ಅವನ ಮೂಲಕವೇ ಮರಳುತ್ತದೆ, ಲೆಕ್ಕ ತಪ್ಪುವುದಿಲ್ಲ! ಹಾಗಾಗಿ ವಯರು ಮುಟ್ಟುವ ಮೊದಲು ಮೈನ್ ಸ್ವಿಚ್ ಆರಿಸಿ.