ಕೊಂಡಿ ಸರಪಳಿಗೂ ಉಂಟು, ಚೇಳಿಗೂ ಉಂಟು

ಇಂಟರ್ನೆಟ್ಟಿನ ಲಿಂಕಿಗೆ ಕನ್ನಡದಲ್ಲಿ ‘ಕೊಂಡಿ’ ಎಂಬ ಮಾತು ಬಳಕೆಗೆ ಬಂದಿದೆ. ಬಹಳ ಸೊಗಸಾದ ಮಾತು. ಸರಪಳಿಯನ್ನು ಜೋಡಿಸುವುದೂ ಕೊಂಡಿ, ಚೇಳಿನ ಬಾಲದ ತುದಿಯಲ್ಲಿರುವುದೂ ಕೊಂಡಿ. ಬೆಳಗಾದರೆ ನಮ್ಮ ಫೋನಿಗೆ ಬಂದು ಬೀಳುವ ಹತ್ತಾರು ಕೊಂಡಿಗಳಲ್ಲಿ ಜೋಡಿಸುವುದು ಯಾವುದು, ಕುಟುಕುವುದು ಯಾವುದು? ವೈದ್ಯವೃತ್ತಿಯಿಂದ ನಿವೃತ್ತನಾದ ಮೇಲೆ ವಿಚಿತ್ರ ಸುದ್ದಿಗಳನ್ನು ಓದಲು ನನಗೆ ಬೇಕಾದಷ್ಟು ಬಿಡುವು. ಕೊಂಡಿಯ ಚರಿತ್ರೆಯಲ್ಲೂ ಅಂಥ ಸುದ್ದಿಗಳಿಗೆ ಬರವಿಲ್ಲ.

ಮೊದಲನೆಯದು, ‘ಕೊಂಡಿ ನಮ್ಮ ಆಸ್ತಿ’ ಎಂದವರ ಕಥೆ. 1970ರ ದಶಕದಲ್ಲಿ ಅರ್ಜಿ ಹಾಕಿದ್ದ, ಬ್ರಿಟಿಷ್ ಟೆಲಿಕಾಂ ಕಂಪನಿಯ ಒಂದು ಪೇಟೆಂಟ್ ಅಮೆರಿಕದಲ್ಲಿ 1989ರಲ್ಲಿ ಮಂಜೂರಾಗಿತ್ತು. ವೆಬ್ ಪುಟಗಳ ಕೊಂಡಿಯೆಲ್ಲ ಅದರೊಳಗೇ ಬರುತ್ತದೆ ಎಂದು ವಾದಿಸಿ, 2000ದಲ್ಲಿ ಆ ಕಂಪನಿ ಪ್ರಾಡಿಜಿ ಎಂಬ ಅಮೆರಿಕನ್ ಸಂಸ್ಥೆಯ ಮೇಲೆ ದಾವೆ ಹೂಡಿತು. ಆದರೆ ಪರದೆಯ ಮೇಲೆ ಒಂದು ಪದವನ್ನು ಒತ್ತಿ ಇನ್ನೊಂದು ಕಡೆಗೆ ಜಿಗಿಯುವುದನ್ನು ಡಗ್ಲಸ್ ಎಂಗೆಲ್‌ಬಾರ್ಟ್ 1968ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಮಾಡಿ ತೋರಿಸಿದ್ದರು! ಆ ಪೇಟೆಂಟ್ ಇಂಟರ್ನೆಟ್ಟಿಗೆ ಅನ್ವಯಿಸುವುದಿಲ್ಲ ಎಂದು 2002ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಇಲ್ಲದಿದ್ದರೆ ಮೊಮ್ಮಗುವಿನ ಫೋಟೋ ನೋಡಲು ಹೊರಟವರಿಗೂ ಒಂದು ಸುಂಕದಕಟ್ಟೆ ಎದುರಾಗುತ್ತಿತ್ತೇನೋ.

ಎರಡನೆಯದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಜಗಳ. 1996ರಲ್ಲಿ ‘ಶೆಟ್ಲೆಂಡ್ ನ್ಯೂಸ್’ ತನ್ನ ಪುಟದಲ್ಲಿ ‘ಶೆಟ್ಲೆಂಡ್ ಟೈಮ್ಸ್’ನ ತಲೆಬರಹಗಳನ್ನು ಹಾಕಿ, ಒತ್ತಿದವರನ್ನು ನೇರವಾಗಿ ಅಲ್ಲಿನ ಒಳಪುಟಕ್ಕೆ ಕಳಿಸುತ್ತಿತ್ತು. ಮುಂಬಾಗಿಲು ಬಿಟ್ಟು ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಅತಿಥಿಗಳನ್ನು ನುಗ್ಗಿಸಿದ ಹಾಗೆ. ವಿಷಯ ಕೋರ್ಟು ಮೆಟ್ಟಿಲೇರಿತು, ತಾತ್ಕಾಲಿಕ ತಡೆಯಾಜ್ಞೆಯೂ ಬಂತು. 1997ರಲ್ಲಿ ರಾಜಿಯಾಯಿತು: ಕೊಂಡಿ ಕೊಡಬಹುದು, ಆದರೆ ಪ್ರತಿ ತಲೆಬರಹದ ಕೆಳಗೆ ಇದು ಶೆಟ್ಲೆಂಡ್ ಟೈಮ್ಸಿನ ಸುದ್ದಿ ಎಂದು ಬರೆಯಬೇಕು. ಕೊಂಡಿ ಕೊಡುವವರಿಗೆ ಇದೇ ಮೊದಲ ಮರ್ಯಾದೆ: ಅನ್ನ ಯಾರ ಮನೆಯದು ಎಂದು ಹೇಳಿ ಬಡಿಸಬೇಕು.

ಕೊಂಡಿಗೆ ಆಯುಸ್ಸೂ ಉಂಟು, ಮರಣವೂ ಉಂಟು. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿತು. ಅಮೆರಿಕದ ಸುಪ್ರೀಂ ಕೋರ್ಟಿಗೂ ಈ ವಿಧಿ ತಪ್ಪಿಲ್ಲ. ವಿಡಿಯೋ ಗೇಮುಗಳ ಬಗ್ಗೆ 2011ರಲ್ಲಿ ಬಂದ ತೀರ್ಪೊಂದರಲ್ಲಿ ಒಬ್ಬ ನ್ಯಾಯಮೂರ್ತಿಗಳು ಕೊಟ್ಟ ಕೊಂಡಿ ಕಾಲಕ್ರಮದಲ್ಲಿ ಸತ್ತಿತು. ಯಾರೋ ತುಂಟರು ಆ ವಿಳಾಸವನ್ನು ಕೊಂಡು, ಅಂತರ್ಜಾಲದ ಮಾಹಿತಿ ಎಷ್ಟು ಚಂಚಲ ನೋಡಿ ಎಂದು ಅಣಕಿಸುವ ಪುಟವನ್ನೇ ಅಲ್ಲಿ ಹಾಕಿದರು! ಆದ್ದರಿಂದ ಎರಡನೆಯ ಮರ್ಯಾದೆ: ಬರೀ ಕೊಂಡಿ ಕಳಿಸಬೇಡಿ, ಬರಹದ ಹೆಸರು, ಬರೆದವರು, ದಿನಾಂಕವನ್ನೂ ಸೇರಿಸಿ. ಕೊಂಡಿ ಸತ್ತರೂ ವಿಳಾಸ ಉಳಿಯುತ್ತದೆ.

ಇಲ್ಲಿಯವರೆಗೆ ನಕ್ಕದ್ದಾಯಿತು. ಮೂರನೆಯ ಮರ್ಯಾದೆಗೆ ನನ್ನ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಅದರಲ್ಲಿ ನಗು ಇಲ್ಲ.

1980ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯ ಓದುಗರ ಪತ್ರಗಳ ವಿಭಾಗದಲ್ಲಿ ಐದೇ ವಾಕ್ಯಗಳ ಒಂದು ಪತ್ರ ಬಂತು. ಆಸ್ಪತ್ರೆಯಲ್ಲಿದ್ದಾಗ ಅಫೀಮಿನ ಬಳಗದ ನೋವುನಿವಾರಕ ಪಡೆದ 11,882 ಮಂದಿಯಲ್ಲಿ, ಮೊದಲು ಚಟವಿಲ್ಲದೆ ಆಮೇಲೆ ಅಂಟಿಸಿಕೊಂಡವರು 4 ಮಂದಿ ಮಾತ್ರ ಎಂಬುದು ಅದರ ಸಾರ. ದಾಖಲಾಗಿದ್ದ ರೋಗಿಗಳು, ದಾದಿಯರ ಕೈಯಿಂದ ಬಂದ ಔಷಧ. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಆ ಪತ್ರ ಏನನ್ನೂ ಹೇಳಿರಲಿಲ್ಲ. ಆದರೂ ಅದು ಲೇಖನದಿಂದ ಲೇಖನಕ್ಕೆ ಆಧಾರವಾಗಿ ದಾಟುತ್ತಾ ಹೋಯಿತು. ಕೆನಡಾದ ಸಂಶೋಧಕರು 2017ರಲ್ಲಿ ಲೆಕ್ಕ ಹಾಕಿದಾಗ 608 ಕಡೆ ಅದರ ಉಲ್ಲೇಖ ಸಿಕ್ಕಿತು. ಶೇ. 72ರಷ್ಟು ಲೇಖಕರು ‘ಚಟ ಅಂಟುವುದು ಅಪರೂಪ’ ಎಂಬುದಕ್ಕೆ ಅದನ್ನೇ ಸಾಕ್ಷಿ ಮಾಡಿದ್ದರು, ಶೇ. 80ಕ್ಕಿಂತ ಹೆಚ್ಚು ಮಂದಿ ಅದು ಆಸ್ಪತ್ರೆಯೊಳಗಿನ ರೋಗಿಗಳ ಮಾತು ಎಂಬುದನ್ನೇ ಹೇಳಿರಲಿಲ್ಲ. ಅಮೆರಿಕದಲ್ಲಿ ಲಕ್ಷಾಂತರ ಜೀವಗಳನ್ನು ಬಲಿ ತೆಗೆದುಕೊಂಡ ಈ ಮದ್ದಿನ ಪಿಡುಗಿಗೆ ಕಾರಣಗಳು ಹಲವು. ಹಾಗಿದ್ದರೂ ಅದಕ್ಕೆ ದಾರಿ ಸುಗಮ ಮಾಡಿದ್ದರಲ್ಲಿ ಈ ಪುಟ್ಟ ಪತ್ರಕ್ಕೂ ಪಾಲುಂಟು. ಆ ಪತ್ರ ಸುಳ್ಳು ಹೇಳಿರಲಿಲ್ಲ. ಓದಲು ಒಂದು ನಿಮಿಷವೂ ಬೇಡವಾದ ಅದರಲ್ಲಿ ಇಲ್ಲದ್ದನ್ನು ಇದೆ ಎಂದವರು ನೂರಾರು ಮಂದಿ.

‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ’ ಎಂಬ ಗಾದೆ ಓದುಬರಹ ಬಾರದವರಿಗೆ ಹೇಳಿದ್ದಲ್ಲ ಎಂದು ಇದರಿಂದ ಸ್ಪಷ್ಟ. ಪದವೀಧರರೂ ಕೊಟ್ಟಿಗೆಯ ಬಾಗಿಲು ತೆರೆದಿಟ್ಟಿದ್ದರು. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೋ ಜಗತ್ತಿನ ಶ್ರೇಷ್ಠ ಗೀತೆಯ ಪಟ್ಟ ಕೊಟ್ಟಿತೆಂಬ ಸುದ್ದಿ ನಿಮಗೂ ಬಂದಿರಬೇಕು. ಯುನೆಸ್ಕೋ ಅಂಥ ಪಟ್ಟ ಕಟ್ಟಿಲ್ಲ. ಅದರಿಂದ ಯಾರ ಆರೋಗ್ಯವೂ ಕೆಡದು, ಬಿಡಿ. ಆದರೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಕಷಾಯ ಕುಡಿಯಿರಿ ಎಂಬ ಕೊಂಡಿ ಬಂದಾಗ ಮಾತು ಬೇರೆ.

ಆದುದರಿಂದ ಮೂರನೆಯ ಮರ್ಯಾದೆ: ತೆರೆದು, ಕೊನೆಯವರೆಗೆ ಓದಿ, ಆಮೇಲೆ ಕಳಿಸಿ. ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಬರೆದವರು ಯಾರು? ಯಾವಾಗ ಬರೆದದ್ದು? ತಲೆಬರಹ ಹೇಳುವುದನ್ನೇ ಒಳಗಿನ ಬರಹವೂ ಹೇಳುತ್ತದೆಯೇ? ಔಷಧದ ವಿಷಯವಾದರೆ ನಾಲ್ಕನೆಯದು: ಯಾವ ರೋಗಿಗಳ ಬಗ್ಗೆ ಈ ಮಾತು?

ಮನೆಯ ಗ್ರೂಪಿನಲ್ಲಿ ಹಿರಿಯರು ಅಂಥದ್ದನ್ನು ಕಳಿಸಿದರೆ ಹತ್ತು ಜನರ ಮುಂದೆ ತಪ್ಪು ತೋರಿಸಬೇಡಿ. ಒಂದು ಫೋನು ಮಾಡಿ, ‘ಚಿಕ್ಕಪ್ಪ, ಊಟ ಆಯಿತೇ? ನೀವು ಕಳಿಸಿದ್ದನ್ನು ಓದಿದೆ, ಇದು ಎಲ್ಲಿ ಸಿಕ್ಕಿತು ನಿಮಗೆ?’ ಎಂದು ಕೇಳಿ. ಮಾತ್ರೆ ಬಿಟ್ಟಿದ್ದಾರೆಯೇ ಎಂಬುದೂ ಆ ಮಾತಿನಲ್ಲೇ ಗೊತ್ತಾಗಿಬಿಡುತ್ತದೆ.