ಲೋಪಗೊಂಡ ಅಕ್ಷರಗಳೂ ಕೊಪಣದ ಕನ್ನಡವೂ

ಕೊಪ್ಪಳಕ್ಕೆ ಸಮೀಪದ ಗಿಣಿಗೇರಾ ಗ್ರಾಮದ ಹೆಸರನ್ನು ಗಿಣಿಗೇರಿ ಎಂದೂ ಬರೆಯುವುದುಂಟು. ಯಲಬುರ್ಗಾ, ಯಲಬುರ್ಗಿ ಎಂಬ ರೂಪದ್ವಯವೂ ಇಂಥದೇ. ಊರ ಹೆಸರಿನಲ್ಲಿ ಈ ವಿಕಲ್ಪದಿಂದ ಹೆಚ್ಚಿನ ಬಾಧೆಯಿಲ್ಲ. ಆದರೆ ನುಡಿದಂತೆ ಬರೆಯಬೇಕೆಂಬ ತತ್ತ್ವವನ್ನು ಇಡೀ ಭಾಷೆಗೆ ಅನ್ವಯಿಸಹೊರಟಾಗ, ಯಾರ ನುಡಿ ಪ್ರಮಾಣವೆಂಬ ಪ್ರಶ್ನೆ ಏಳುತ್ತದೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಇದಕ್ಕೆ ನೇರವಾಗಿಯೇ ಉತ್ತರವಿತ್ತಿದೆ: ಕಿಸುವೊೞಲ್, ಕೊಪಣ, ಪುಲಿಗೆರೆ, ಒಂಕುಂದ ಇವುಗಳ ನಡುವಣ ನಾಡಿನ ಕನ್ನಡವೇ ಕನ್ನಡದ ತಿರುಳು. ಕೊಪಣವೆಂಬುದು ಇಂದಿನ ಕೊಪ್ಪಳ. ಕಿಸುವೊೞಲ್ ಎಂಬಲ್ಲಿಯ ೞಕಾರವಾದರೋ ಇಂದಿನ ಬಳಕೆಯಲ್ಲಿಲ್ಲ. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಜೀವಿಸು, ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಉಚ್ಚಾರದಲ್ಲಿ ೞಕಾರವು ಸ್ವರಗಳ ನಡುವೆ ಳಕಾರವಾಯಿತು. ವ್ಯಂಜನದ ಹಿಂದೆ ರಕಾರವಾಗಿ, ‘ಎೞ್ದು’ ಎಂಬುದು ‘ಎರ್ದು’ ಆಗಿ ಕೊನೆಗೆ ‘ಎದ್ದು’ ಎಂದು ನಿಂತಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರಗಳುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ಕಿವಿ ಬಲ್ಲ ಭೇದಕ್ಕೆ ಪಟ್ಟಿ ಬೇಕಿಲ್ಲವಷ್ಟೆ! ಧ್ವನಿ ಮೊದಲು ಅಳಿಯಿತು, ಲಿಪಿ ಬಹುಕಾಲದ ಮೇಲೆ ಅದನ್ನು ಹಿಂಬಾಲಿಸಿತು.

ಈಚಿನ ಸುಧಾರಣೆಯ ಸ್ವರೂಪ ಬೇರೆ. ಡಿ. ಎನ್. ಶಂಕರ ಭಟ್ಟರು ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ ಗ್ರಂಥದಲ್ಲಿ ಮಹಾಪ್ರಾಣಗಳನ್ನೂ ಋಕಾರ ಷಕಾರಗಳನ್ನೂ ಬಿಡಬಹುದೆಂದು ವಾದಿಸಿದರು. ಸಾಮಾನ್ಯರ ಉಚ್ಚಾರದಲ್ಲಿ ಅವು ಇಲ್ಲವೆಂಬುದೂ, ಕಲಿಯುವವರಿಗೆ ಭಾರವೆಂಬುದೂ ಅವರ ಆಧಾರ. ಈ ವಾದದಲ್ಲಿ ಬಲವಿದೆ. ಆದರೂ ಕೊಪ್ಪಳ ಸೀಮೆಯ ನಿತ್ಯಬಳಕೆಯ ‘ಖರೆ’ ಎಂಬ ಮಾತಿನಲ್ಲಿ ಮಹಾಪ್ರಾಣವು ಅನೇಕರ ಬಾಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ೞಕಾರವನ್ನು ಎಲ್ಲರೂ ಕಳೆದುಕೊಂಡಿದ್ದರು. ಮಹಾಪ್ರಾಣದ ವಿಷಯದಲ್ಲಿ ಹಾಗೆ ಹೇಳಬರುವಂತಿಲ್ಲ.

ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನಿಷ್ ಭಾಷೆ ಇಲ್ಲಿ ಹೋಲಿಕೆಗೆ ಬರುತ್ತದೆ. ಆಡುವವರಿಲ್ಲದೆ ಹೋಗಿದ್ದ ಆ ಭಾಷೆಯನ್ನು ಪುನರುಜ್ಜೀವನಗೊಳಿಸಿದವರು 1929ರಲ್ಲಿ ಒಂದು ಬರಹಕ್ರಮವನ್ನೂ 1986ರಲ್ಲಿ ಮತ್ತೊಂದನ್ನೂ ಹೂಡಿ, ದೀರ್ಘ ವಿವಾದದ ಬಳಿಕ 2008ರಲ್ಲಿ ಸಾಮಾನ್ಯ ಕ್ರಮವೊಂದಕ್ಕೆ ಒಪ್ಪಿದರು. ಅವರಿಗೆ ಯಾವ ಶತಮಾನದ ಬರಹವನ್ನು ಹಿಡಿಯಬೇಕೆಂಬ ತೊಡಕು; ನಮಗೆ ಯಾವ ಸೀಮೆಯ ಬಾಯನ್ನು ಹಿಡಿಯಬೇಕೆಂಬ ತೊಡಕು. ಒಂದು ಕಾಲಕ್ಕೆ ತಿರುಳೆನಿಸಿಕೊಂಡ ಕೊಪಣದ ನಾಡಿನಲ್ಲೇ ಇಂದು ಮಗು ‘ಮನಿ’ ಎಂದು ನುಡಿದು ‘ಮನೆ’ ಎಂದು ಬರೆಯುತ್ತದೆ. ‘ಬ್ಯಾಡ’ ಎಂದು ನುಡಿದು ‘ಬೇಡ’ ಎಂದು ಬರೆಯುತ್ತದೆ. ಮಹಾಪ್ರಾಣಗಳನ್ನು ತೆಗೆದರೂ ಅದರ ಪಾಲಿಗೆ ಈ ಅಂತರ ಇದ್ದಂತೆಯೇ ಇರುತ್ತದೆ.