ಚೀನಾದೇಶದಲ್ಲಿ ನಮ್ಮ ವೈದ್ಯರು

ಪರದೇಶಕ್ಕೆ ಸೇವೆಗೆಂದು ಹೊರಡುವವರನ್ನು ಬೀಳ್ಕೊಡುವುದರಲ್ಲಿ ನಮ್ಮ ಜನರು ಎಂದೂ ಹಿಂದೆ ಬಿದ್ದವರಲ್ಲ. ಹೂಮಾಲೆಗಳಿಗೆ ಕೊರತೆಯಿಲ್ಲ, ಭಾಷಣಗಳಿಗಂತೂ ಮೊದಲೇ ಇಲ್ಲ. ಆದರೆ ಹಡಗು ಕಣ್ಮರೆಯಾದ ಮೇಲೆ ಆತನು ಅಲ್ಲಿ ಏನನ್ನು ಉಂಡನು, ಎಲ್ಲಿ ಮಲಗಿದನು, ಬಾಯಾರಿದಾಗ ಯಾವ ಮಾತಿನಲ್ಲಿ ನೀರು ಕೇಳಿದನು ಎಂದು ವಿಚಾರಿಸುವವರು ವಿರಳ. ಸೇವೆಯ ಅರ್ಧ ಪರೀಕ್ಷೆಯು ಈ ಸಣ್ಣ ಸಂಗತಿಗಳಲ್ಲಿಯೇ ಅಡಗಿದೆಯೆಂದು ನಮ್ಮ ಅಭಿಪ್ರಾಯ. 1938ರಲ್ಲಿ ಚೀನಾದೇಶಕ್ಕೆ ತೆರಳಿದ ಐವರು ಭಾರತೀಯ ವೈದ್ಯರ ವೃತ್ತಾಂತವನ್ನು ಈ ದೃಷ್ಟಿಯಿಂದ ವಾಚಕರ ಮುಂದಿಡಲು ಅಪೇಕ್ಷಿಸುತ್ತೇವೆ.

ಜಪಾನೀಯರು ಚೀನಾದ ಮೇಲೆ ದಂಡೆತ್ತಿ ಬಂದ ವರ್ಷವಾದ 1937ರಲ್ಲಿ, ಅಲ್ಲಿನ ಎಂಟನೆಯ ಮಾರ್ಗದ ಸೈನ್ಯದ ನಾಯಕರಾದ ಜನರಲ್ ಚೂ ತೇ ಅವರು ಪಂಡಿತ ನೆಹರೂ ಅವರಿಗೆ ಪತ್ರ ಬರೆದು ಸಹಾಯ ಬೇಡಿದರು. ಮರುವರ್ಷ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಕರೆಯಿತ್ತು ಚಂದಾ ಎತ್ತಿಸಿದರು. ತಾನೇ ಪರರ ಆಳ್ವಿಕೆಯಲ್ಲಿದ್ದ ದೇಶವೊಂದು ಇನ್ನೊಂದು ಸಂಕಟಗ್ರಸ್ತ ದೇಶಕ್ಕೆ ಕಾಣಿಕೆ ಕಳುಹಿಸಿದ ಈ ಪ್ರಸಂಗವು ಸಾಮಾನ್ಯವಾದುದಲ್ಲ. ಸ್ಪೇನಿನ ಯುದ್ಧಭೂಮಿಯನ್ನು ಕಂಡುಬಂದಿದ್ದ ಡಾಕ್ಟರ್ ಅಟಲರು ಮುಖ್ಯಸ್ಥರು. ನಾಗಪುರದ ಚೋಳ್ಕರರು, ಕಲಕತ್ತೆಯ ಬಸು ಮತ್ತು ಮುಖರ್ಜಿಯವರು, ಸೊಲ್ಲಾಪುರದ ದ್ವಾರಕಾನಾಥ ಕೋಟ್ಣೀಸರು ಉಳಿದ ನಾಲ್ವರು. ಕನ್ನಡ, ಮರಾಠಿ, ತೆಲುಗುಗಳು ಒಂದೇ ಬೀದಿಯಲ್ಲಿ ಕಿವಿಗೆ ಬೀಳುವ, 1930ರಲ್ಲಿ ಮಾರ್ಷಲ್ ಲಾ ಅನುಭವಿಸಿದ ಆ ಸೊಲ್ಲಾಪುರವು ನಮ್ಮ ವಾಚಕರಿಗೆ ದೂರದ ಊರಲ್ಲ. 1938ರ ಸೆಪ್ಟೆಂಬರ್ 1ರಂದು ಅವರೆಲ್ಲರೂ ಮುಂಬಯಿಯಿಂದ ಹಡಗು ಹತ್ತಿದರು.

ಹೊರಡುವಾಗ ಮಾಡಿಕೊಂಡಿದ್ದ ಏರ್ಪಾಡು ಒಂದು ವರ್ಷದ್ದು. ಈ ಲೆಕ್ಕವನ್ನು ಹಾಕಿದವರು ದೇಶಾಭಿಮಾನದಲ್ಲಿ ಯಾರಿಗೂ ಕಡಮೆಯವರಲ್ಲ. ಆದರೂ ಲೆಕ್ಕವು ಸರಿಯಾಗಿರಲಿಲ್ಲವೆಂದು ಹೇಳದೆ ವಿಧಿಯಿಲ್ಲ. ಅವರು ಹಾದುಹೋದ ಕ್ಯಾಂಟನ್ ಮತ್ತು ಹ್ಯಾಂಕೌ ಪಟ್ಟಣಗಳೆರಡೂ ಆ ಅಕ್ಟೋಬರ್ ತಿಂಗಳಿನಲ್ಲಿಯೇ ಶತ್ರುವಶವಾದವು. ಹಿಮ್ಮೆಟ್ಟುವ ಸೈನ್ಯದೊಡನೆ ಹಿಮ್ಮೆಟ್ಟುತ್ತ ಚುಂಗ್‌ಕಿಂಗ್ ಸೇರಿ, ಅಲ್ಲಿಂದ ಅವರು ಉತ್ತರದ ಯೆನಾನಿಗೆ ತಲಪುವ ಹೊತ್ತಿಗೆ 1939ರ ಫೆಬ್ರುವರಿ ಬಂದಿದ್ದಿತು. ಒಪ್ಪಿಕೊಂಡ ವರ್ಷದಲ್ಲಿ ಸುಮಾರು ಅರ್ಧವು ದಾರಿಯಲ್ಲಿಯೇ ಸವೆದುಹೋಯಿತು.

ಚುಂಗ್‌ಕಿಂಗಿನಲ್ಲಿ ಎರಡು ಸಂಗತಿಗಳು ನಡೆದವು. ಶಾಂತಿನಿಕೇತನದ ಚೀನಾ ಭವನದ ಪಂಡಿತರಾದ ತಾನ್ ಯುನ್ ಶಾನ್ ಅವರು ಐವರಿಗೂ ಚೀನೀ ಹೆಸರುಗಳನ್ನಿಟ್ಟು, ಪ್ರತಿಯೊಂದರ ಕೊನೆಗೂ ಆ ದೇಶವನ್ನೇ ಸೂಚಿಸುವ 'ಹುವಾ' ಎಂಬ ಅಕ್ಷರವನ್ನು ಸೇರಿಸಿದರು. ಕೋಟ್ಣೀಸರು 'ಕೇ ದಿಹುವಾ' ಆದರು. ಇನ್ನೊಂದು, ಅವರ ತಂದೆಯವರು ತೀರಿಕೊಂಡ ಸುದ್ದಿಯು ಸೊಲ್ಲಾಪುರದಿಂದ ಬಂದಿತು. ಹಿಂದಿರುಗಬಹುದೆಂದು ಜೊತೆಗಾರರು ಹೇಳಿದರೂ ಕೋಟ್ಣೀಸರು ಹೋಗಲಿಲ್ಲ. ಇಪ್ಪತ್ತೆಂಟು ವರ್ಷದ ಮಗನು ತಂದೆಯ ಉತ್ತರಕ್ರಿಯೆಗೆ ಬಾರದೆ ಹೋದುದನ್ನು ನಮ್ಮ ಮನೆಗಳಲ್ಲಿ ಹೇಗೆ ಆಡಿಕೊಳ್ಳುವರೆಂಬುದನ್ನು ವಾಚಕರು ಬಲ್ಲರು. ಅದರ ಭಾರವನ್ನೂ ಆತನು ಯೆನಾನಿಗೆ ಹೊತ್ತುಕೊಂಡೇ ಹೋದನು.

ಯೆನಾನಿನಲ್ಲಿ ಮನೆಯೆಂದರೆ ಹಳದಿ ಮಣ್ಣಿನ ಗುಡ್ಡವನ್ನು ಕೊರೆದು ಮಾಡಿದ ಗುಹೆ. ಅದು ಚಳಿಗೂ ಒಳ್ಳೆಯದು, ವಿಮಾನದ ಬಾಂಬಿಗೂ ಒಳ್ಳೆಯದು. ಆಹಾರವೆಂದರೆ ನಮ್ಮ ಒಣಭೂಮಿಯ ರೈತರೂ ಬೆಳೆಯುವ ನವಣೆಯೇ. ಜೋಳದ ರೊಟ್ಟಿಯ ಸೀಮೆಯಿಂದ ಹೋದವನಿಗೆ ನವಣೆಯೇನೂ ಹೊಸ ಕಾಳಲ್ಲ. ಆದರೆ ಖಾರವೂ ಒಗ್ಗರಣೆಯೂ ಇಲ್ಲದೆ, ದಿನಕ್ಕೆ ದಿನ, ಹಿಮದ ನಡುವೆ ಅದನ್ನೇ ಉಣ್ಣುವುದು ಬೇರೆ. ಅನ್ನ ಬದಲಾದರೆ ಎಂಟು ದಿನದ ಪ್ರವಾಸದಲ್ಲಿಯೇ ಗೊಣಗುವ ನಮ್ಮಂಥವರು ಇದನ್ನು ಹಗುರವಾಗಿ ಕಾಣಲಾಗದು. ದೇಹವೂ ಎಲ್ಲರಿಗೆ ಒಂದೇ ಸಮನಾಗಿ ಒಗ್ಗುವುದಿಲ್ಲ. ಚೋಳ್ಕರ್ ಮತ್ತು ಮುಖರ್ಜಿಯವರು 1939ರಲ್ಲಿಯೂ, ಅಟಲರು 1940ರಲ್ಲಿಯೂ ಹಿಂದಿರುಗಿದರು. ಅವರ ಸೇವೆಯು ಕಡಮೆಯೆಂದು ಯಾರೂ ಭಾವಿಸಬಾರದು.

ಎಲ್ಲಕ್ಕಿಂತ ಕಠಿಣವಾದುದು ಭಾಷೆ. ಒಂದೇ ಉಚ್ಚಾರವು ದನಿಯ ಏರಿಳಿತದಿಂದ ಬೇರೆ ಬೇರೆ ಅರ್ಥ ಕೊಡುವ ನುಡಿ ಅದು. ಬರವಣಿಗೆಯಲ್ಲಿ ಅಕ್ಷರಮಾಲೆಯೇ ಇಲ್ಲ, ಒಂದೊಂದು ಚಿಹ್ನೆಯನ್ನೂ ಬೇರೆಯಾಗಿ ಬಾಯಿಪಾಠ ಮಾಡಬೇಕು. ದುಭಾಷಿಯ ಮೂಲಕ ನಡೆಯುವ ವೈದ್ಯವು ಎಷ್ಟು ಕಷ್ಟವೆಂಬುದನ್ನು ನಮ್ಮ ಜಿಲ್ಲೆಗಳಲ್ಲಿ ಪರಭಾಷೆಯ ಡಾಕ್ಟರನ್ನು ಕಂಡ ಯಾವ ಹಳ್ಳಿಗನಾದರೂ ಹೇಳಬಲ್ಲನು. ನೋವು ಚುಚ್ಚುವುದೋ, ಉರಿಯುವುದೋ, ಸೆಳೆಯುವುದೋ ಎಂಬ ಭೇದವು ದುಭಾಷಿಯ ಬಾಯಲ್ಲಿ ಬರಿಯ 'ನೋವು' ಆಗಿ ಉಳಿಯುತ್ತದೆ. ಕೆನಡಾದಿಂದ ಬಂದು ಅದೇ ಸೈನ್ಯದ ಸೇವೆಯಲ್ಲಿ 1939ರ ನವೆಂಬರ್ 12ರಂದು ಪ್ರಾಣಬಿಟ್ಟ ಮಹಾಶಸ್ತ್ರವೈದ್ಯ ಬೆಥೂನರೂ ದುಭಾಷಿಯನ್ನು ನಂಬಿಯೇ ಕೆಲಸ ಮಾಡಬೇಕಾಗಿದ್ದಿತು. ಕೋಟ್ಣೀಸರಾದರೋ ಭಾಷೆಯ ಮೇಲೆ ಹಟಹಿಡಿದು ಕುಳಿತರು. ಮಾತಷ್ಟೇ ಅಲ್ಲ, ಓದು ಬರಹಗಳೂ ಕೈವಶವಾದವು. ಶತ್ರುವಿನ ಸಾಲುಗಳ ಹಿಂದಿದ್ದ ಗಡಿಪ್ರಾಂತಕ್ಕೆ ಹೋಗಿ, 1940ರ 'ನೂರು ರೆಜಿಮೆಂಟುಗಳ' ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡ ಬಳಿಕ, ಅಲ್ಲಿನ ವೈದ್ಯವಿದ್ಯಾರ್ಥಿಗಳಿಗೆ ಅವರದೇ ಭಾಷೆಯಲ್ಲಿ ಪಾಠ ಹೇಳಿದರು. 1941ರಲ್ಲಿ ಬೆಥೂನರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ ಅವರನ್ನೇ ಮುಖ್ಯಸ್ಥರನ್ನಾಗಿ ನಿಯಮಿಸಿದರು.

ಈ ಕೊನೆಯ ಸಂಗತಿಯ ಮೇಲೆ ನಾವು ಒತ್ತುಕೊಟ್ಟು ಹೇಳುವೆವು. ಅತಿಥಿಗೆ ಗೌರವ ಕೊಡುವರು, ಮಣೆ ಹಾಕುವರು. ಆದರೆ ಮನೆಯ ಬೀಗದ ಕೈಯನ್ನು ಕೊಡುವುದಿಲ್ಲ. ಬೀಗದ ಕೈ ಕೋಟ್ಣೀಸರಿಗೆ ದೊರೆತುದು ಎರಡು ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ. ಒಪ್ಪಂದದಂತೆ ಒಂದು ವರ್ಷಕ್ಕೆ ಹಿಂದಿರುಗಿದ್ದರೆ ಚೀನಾದಲ್ಲಿ ಅವರ ಹೆಸರು ಇಷ್ಟು ಬೇರೂರುತ್ತಿತ್ತೇ ಎಂಬುದು ಸಂಶಯ.

1941ರ ನವೆಂಬರಿನಲ್ಲಿ ಅವರು ಕುವೋ ಚಿಂಗ್‌ಲಾನ್ ಎಂಬ ದಾದಿಯರ ಶಿಕ್ಷಕಿಯನ್ನು ಮದುವೆಯಾದರು. 1942ರಲ್ಲಿ ಅಲ್ಲಿನ ಕಮ್ಯೂನಿಸ್ಟ್ ಪಕ್ಷವನ್ನೂ ಸೇರಿದರು. ಆ ತತ್ತ್ವಗಳನ್ನು ಒಪ್ಪುವುದು ಬಿಡುವುದು ಅವರವರ ಮಾತು, ಇಲ್ಲಿ ಚರ್ಚೆ ಬೇಡ. ಅದೇ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ಭಾರತವನ್ನು ಸೂಚಿಸುವ 'ಯಿನ್', ಚೀನಾವನ್ನು ಸೂಚಿಸುವ 'ಹುವಾ' ಎರಡನ್ನೂ ಕೂಡಿಸಿ ಯಿನ್‌ಹುವಾ ಎಂದು ಹೆಸರಿಟ್ಟರು. ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 9ರಂದು, ಅಪಸ್ಮಾರದ ಹೊಡೆತಕ್ಕೆ ಸಿಕ್ಕಿ ಕೋಟ್ಣೀಸರು ತಮ್ಮ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಸು ಒಬ್ಬರೇ 1943ರಲ್ಲಿ ಮನೆಗೆ ಬಂದರು. 1946ರಲ್ಲಿ ಶಾಂತಾರಾಮರು ಚಲಚ್ಚಿತ್ರ ತೆಗೆದ ಮೇಲೆ ಕಥೆಯು ದೇಶಕ್ಕೆಲ್ಲ ತಿಳಿಯಿತು.

ಈಗ ರಜೆಯ ಎರಡು ವಾರಗಳಲ್ಲಿ ಪರದೇಶಸೇವೆ ಮುಗಿಸಿ, ಅಲ್ಲಿನ ಮಕ್ಕಳೊಡನೆ ನಿಂತು ಛಾಯಾಚಿತ್ರ ತೆಗೆಸಿಕೊಂಡು ಬರುವ ಪದ್ಧತಿಯೊಂದು ಬೆಳೆದಿದೆ. ಹೋಗುವವರ ಸದ್ಭಾವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಳುಹಿಸುವ ಸಂಸ್ಥೆಗಳನ್ನು ಕೇಳುವುದಿಷ್ಟೇ: ಹೊರಡುವ ಮೊದಲು ಆ ದೇಶದ ಭಾಷೆಯನ್ನು ಆರು ತಿಂಗಳಾದರೂ ಕಲಿಸುವಿರಾ? ಎರಡು ವರ್ಷ ನಿಲ್ಲುವವರಿಗೆ, ಹಿಂದೆ ಉಳಿದ ಮನೆಯವರ ಯೋಗಕ್ಷೇಮದ ಹೊಣೆಯನ್ನು ಹೊರುವಿರಾ? ತಂದೆಯ ಮರಣವಾರ್ತೆಯು ಚುಂಗ್‌ಕಿಂಗಿಗೆ ಬಂದಂತೆ ಮತ್ತಾರಿಗೋ ಬಂದೀತು.

ಯಿನ್‌ಹುವಾ ವೈದ್ಯವಿದ್ಯೆಯನ್ನು ಓದುತ್ತಿರುವಾಗಲೇ 1967ರಲ್ಲಿ ತೀರಿಕೊಂಡನು. 1962ರ ಯುದ್ಧದಿಂದ ಎರಡು ದೇಶಗಳ ಸ್ನೇಹವು ಮುರಿದುಬಿದ್ದಿದ್ದಿತು. ಆದರೂ ಕುವೋ ಚಿಂಗ್‌ಲಾನ್ ಅವರು 2012ರಲ್ಲಿ ಕಾಲವಾಗುವುದಕ್ಕೆ ಮುನ್ನ ಹಲವು ಸಲ ಭಾರತಕ್ಕೆ ಬಂದು, ತಮ್ಮ ಅತ್ತೆಮನೆಯವರನ್ನು ಕಂಡು ಹೋಗಿದ್ದರು.